ಪೆಲೆಟ್ ಹಗೇವು

ಹಗ್ಗ ಎಳೆದಾಗ ಮೊದಲು ಮೇಲೆ ಬಂದದ್ದು ನಾರಾಯಣಣ್ಣನ ಕೈ. ಆಮೇಲೆ ತಲೆ. ಮೇಲೆ ನಾನು ಮತ್ತು ಮಾವಿನ ಲಾರಿಯ ಇಬ್ಬರು ಹಮಾಲಿಗಳು ಹಗ್ಗ ಹಿಡಿದಿದ್ದೆವು. ಕೆಳಗಿನಿಂದ ಅನ್ವರ್ ಭಾಯಿ ಅವನನ್ನು ಹೆಗಲು ಕೊಟ್ಟು ತಳ್ಳುತ್ತಿದ್ದರು. ಗುಂಡಿಯ ಬಾಯಿ ಚಿಕ್ಕದು. ಭುಜ ಸಿಕ್ಕಿಕೊಂಡಿತು. ಅಂಗಿ ಹಿಡಿದು ಜಗ್ಗಿದೆ, ಅಂಗಿ ಹರಿಯಿತು. ಹೇಗೋ ಎಳೆದು ಸಿಮೆಂಟ್ ಕಟ್ಟೆಯ ಮೇಲೆ ಮಲಗಿಸಿದೆವು. ಮೈ ಇನ್ನೂ ಬೆಚ್ಚಗಿತ್ತು. ಮುಖ ಕೆಂಪಗೆ ಚೆನ್ನಾಗಿಯೇ ಇತ್ತು. ಬಿಸಿಲಲ್ಲಿ ಕೆಲಸ ಮಾಡಿ ಬಂದು ಮಲಗಿದವನ ಹಾಗೆ.

ಹಿಂದೆಯೇ ಅನ್ವರ್ ಭಾಯಿ ಏಣಿ ಹತ್ತಿ ಬಂದರು. ಕಟ್ಟೆ ದಾಟಿ ಎರಡು ಹೆಜ್ಜೆ ಇಟ್ಟು ಮಂಡಿಯೂರಿ ವಾಂತಿ ಮಾಡಿದರು. ನಾನು ನಾರಾಯಣಣ್ಣನ ಎದೆ ಒತ್ತುತ್ತಿದ್ದೆ. ಹಾಗೆ ಒತ್ತಬೇಕು ಅಂತ ಯಾರೋ ಹೇಳಿದ್ದರು, ಸರಿಯಾಗಿ ಒತ್ತುತ್ತಿದ್ದೇನೋ ಇಲ್ಲವೋ ಗೊತ್ತಿರಲಿಲ್ಲ. ಅವನು ಏಳಲಿಲ್ಲ.

ಇದನ್ನೆಲ್ಲ ಈಗ ಬರೆಯೋದಕ್ಕೆ ಕಾರಣ ಮೊನ್ನೆ ಮಾಲೂರಿಗೆ ಹೋಗಿದ್ದು. ಈಗ ನಾನು ಕೋಲಾರದ ಹತ್ತಿರ ಹಾಲಿನ ಘಟಕವೊಂದರಲ್ಲಿ ಬಾಯ್ಲರ್ ನೋಡಿಕೊಳ್ಳುತ್ತೇನೆ. ಪೆಲೆಟ್ ನೋಡಿಕೊಂಡು ಬಾ ಅಂತ ಕಳಿಸಿದ್ದರು. ಪೆಲೆಟ್ ಅಂದರೆ ಮರದ ಪುಡಿಯನ್ನು ಮೆಷಿನ್‌ನಲ್ಲಿ ಒತ್ತಿ ತೆಗೆದ ಸಣ್ಣ ಸಣ್ಣ ಕಡ್ಡಿ. ನೋಡೋದಕ್ಕೆ ದನಕ್ಕೆ ಹಾಕುವ ಫೀಡಿನ ಹಾಗೇ ಇರುತ್ತದೆ. ಅಲ್ಲಿ ನೀಲಗಿರಿ ಮರದ ಪುಡಿಯಿಂದ ಮಾಡುತ್ತಾರೆ. ಮೆಷಿನ್‌ನಿಂದ ಆಗತಾನೆ ಬಿದ್ದ ರಾಶಿಗೆ ಕೈ ಹಾಕಿದೆ. ಬಿಸಿ ಇತ್ತು. ಹಸಿ ಮರ, ಎಣ್ಣೆ ಮತ್ತು ಬೆಲ್ಲ ಸುಟ್ಟ ಹಾಗೆ ಒಂದು ವಾಸನೆ. ಮೂಗಿಗೆ ಅದು ಬಡಿದ ಕೂಡಲೇ ನಾನು ಆಚೆ ಬಂದು ರಸ್ತೆ ಬದಿಯಲ್ಲಿ ಕೂತುಬಿಟ್ಟೆ. ಅಲ್ಲಿಯ ಮೇಸ್ತ್ರಿ ನೀರು ತಂದುಕೊಟ್ಟ, ಬಿಸಿಲು ಜಾಸ್ತಿ ಅಂದ. ಹೌದು ಅಂದೆ.

ಆ ವರ್ಷ ನಾನು ಶ್ರೀನಿವಾಸಪುರದ ಕಡೆ ಮಾವಿನ ಪಲ್ಪ್ ಫ್ಯಾಕ್ಟರಿಗೆ ಸೇರಿದ್ದೆ. ಊರು ಕ್ಯಾಲನೂರು. ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟವನು. ಟೊಮೇಟೊ ಮಂಡಿಯಲ್ಲಿ ಕ್ರೇಟ್ ಎತ್ತಿ ಎತ್ತಿ ಸಾಕಾಗಿತ್ತು. ಮಾವಿನ ಕಾಲಕ್ಕೆ ಫ್ಯಾಕ್ಟರಿಯಲ್ಲಿ ಜನ ಬೇಕು ಅಂತ ಕೇಳಿ ಹೋದೆ. ಹಣ್ಣು ತೊಳೆಯುವ ಕಡೆ ಹಾಕುತ್ತಾರೆ ಅಂದುಕೊಂಡಿದ್ದೆ. ಬಾಯ್ಲರ್‌ಗೆ ಹಾಕಿದರು. ಬಾಯ್ಲರ್ ಅಂದರೆ ಏನು ಅಂತಲೇ ಗೊತ್ತಿರಲಿಲ್ಲ. ಹಬೆ ಇಲ್ಲದಿದ್ದರೆ ಪಲ್ಪ್ ಬೇಯೋದಿಲ್ಲ, ಡಬ್ಬ ಕಾಯೋದಿಲ್ಲ, ಒಳಗೆ ಬಂದ ಹಣ್ಣೆಲ್ಲ ಕೊಳೆತುಹೋಗುತ್ತದೆ. ಅಷ್ಟು ಮಾತ್ರ ಮೊದಲ ದಿನವೇ ಗೊತ್ತಾಯಿತು.

ಬಾಯ್ಲರ್ ಅನ್ವರ್ ಭಾಯಿಯವರದು. ಅಂದರೆ ಸಾಹುಕಾರರದ್ದೇ, ಆದರೆ ಅದರ ಮುಂದೆ ನಿಲ್ಲೋದಕ್ಕೆ ಲೈಸೆನ್ಸ್ ಇದ್ದವರು ಅವರೊಬ್ಬರೇ. ಮುಳಬಾಗಿಲಿನವರು. ಹಿಂದೆ ರೇಷ್ಮೆ ನೂಲು ತೆಗೆಯುವ ಕಡೆ ಸೌದೆ ಬಾಯ್ಲರ್ ನಡೆಸಿದ್ದರು. ಬೈಯದೆ ಏನನ್ನೂ ಹೇಳಿಕೊಟ್ಟವರಲ್ಲ. ಗೇಜ್ ಗ್ಲಾಸಿನಲ್ಲಿ ನೀರು ಎಲ್ಲಿದೆ ಅಂತ ನೋಡದೆ ನಾನು ಒಳಗೆ ಕಾಲಿಟ್ಟರೆ ಆಚೆ ಕಳಿಸಿ ಮತ್ತೆ ಬಾ ಅನ್ನುತ್ತಿದ್ದರು. ಗ್ಲಾಸಿನಲ್ಲಿ ನೀರೇ ಕಾಣದಿದ್ದರೆ ಏನು ಮಾಡ್ತೀಯ ಅಂತ ಒಂದು ದಿನ ಕೇಳಿದರು. ನೀರು ಬಿಡ್ತೀನಿ ಅಂದೆ. ತಲೆಗೆ ಒಂದು ಕೊಟ್ಟರು. ಕಾದ ಹೆಂಚಿಗೆ ತಣ್ಣೀರು ಹಾಕಿದರೆ ಏನಾಗುತ್ತದೋ ಅದೇ ಇಲ್ಲೂ ಆಗುತ್ತದೆ, ಆದರೆ ಇಲ್ಲಿ ಹೆಂಚಿನ ಜೊತೆ ಗೋಡೆಯೂ ಹೋಗುತ್ತದೆ, ನೀನೂ ಹೋಗುತ್ತೀಯ ಅಂದರು. ಪೆಲೆಟ್ ನಿಲ್ಲಿಸು, ಬೆಂಕಿ ಆರಿಸು, ತಾನಾಗಿ ತಣ್ಣಗಾಗಲಿ, ಅಲ್ಲಿವರೆಗೆ ನೀರು ಮುಟ್ಟಬೇಡ.

ಹೀಗೇ ಒಂದೊಂದು. ಬೆಂಕಿ ಹಚ್ಚೋ ಮುಂಚೆ ಬ್ಲೋವರ್ ಹಾಕಿ ಒಲೆಯೊಳಗೆ ನಿಂತ ಹೊಗೆಯನ್ನೆಲ್ಲ ಹೊರಗೆ ಊದಿಸಬೇಕು. ಬ್ಲೋವರ್ ತಿರುಗುತ್ತಿರುವಾಗ ಒಲೆ ಬಾಗಿಲು ತೆಗೆಯಬಾರದು, ಬೆಂಕಿ ಮುಖಕ್ಕೇ ಬರುತ್ತದೆ. ಚಿಮಣಿ ಕಡೆ ಕಣ್ಣಿರಬೇಕು. ಕಪ್ಪು ಹೊಗೆ ಬಂದರೆ ಗಾಳಿ ಸಾಲದು, ಬಿಳಿ ಹೊಗೆ ಬಂದರೆ ಪೆಲೆಟ್ ಒದ್ದೆ. ಏನೂ ಕಾಣದೆ ಗಾಳಿ ಸುಮ್ಮನೆ ನಡುಗಿದರೆ ಸರಿಯಾಗಿ ಉರಿಯುತ್ತಿದೆ. ನಿಲ್ಲಿಸುವಾಗ ಒಲೆಗೆ ಪೆಲೆಟ್ ತಳ್ಳುವ ಸ್ಕ್ರೂನಲ್ಲಿರುವ ಪೆಲೆಟ್ ಖಾಲಿಯಾಗುವವರೆಗೆ ಕಾಯಬೇಕು, ಇಲ್ಲದಿದ್ದರೆ ಬೆಂಕಿ ಹಿಂದಕ್ಕೆ ತೆವಳಿಕೊಂಡು ಪೆಲೆಟ್ ರಾಶಿಗೇ ಹೋಗುತ್ತದೆ. ಕೊಳವೆಯಲ್ಲಿ ಮಸಿ ಬಿಟ್ಟರೆ ಅರ್ಧ ಬಿಸಿ ಚಿಮಣಿಗೇ ಹೋಗುತ್ತದೆ, ವಾರ ವಾರ ಉಜ್ಜಬೇಕು. ಇವತ್ತಿಗೂ ನಾನು ಇಷ್ಟೇ ಮಾಡೋದು. ಇದಕ್ಕಿಂತ ಜಾಸ್ತಿ ಯಾರೂ ಹೇಳಿಕೊಟ್ಟಿಲ್ಲ.

ನಾರಾಯಣಣ್ಣ ಪೆಲೆಟ್ ನೋಡಿಕೊಳ್ಳುತ್ತಿದ್ದ. ಯಲ್ದೂರಿನವನು. ಐವತ್ತರ ಆಸುಪಾಸು ಇರಬಹುದು, ಗಟ್ಟಿ ಆಳು. ನಮ್ಮ ಹತ್ತಿರ ಕನ್ನಡ, ಮನೆಯಲ್ಲಿ ತೆಲುಗು, ಬೆಂಕಿಯ ಹತ್ತಿರವೂ ತೆಲುಗು. ಲಾರಿ ಬಂದರೆ ಒಂದು ಹಿಡಿ ಪೆಲೆಟ್ ತೆಗೆದು ಒಂದನ್ನು ಮುರಿಯುತ್ತಿದ್ದ. ಟಕ್ ಅಂತ ಮುರಿದರೆ ಇಳಿಸಿ ಅನ್ನುತ್ತಿದ್ದ. ಸದ್ದಿಲ್ಲದೆ ಮೆತ್ತಗೆ ಮುರಿದರೆ ಲಾರಿಯನ್ನು ವಾಪಸ್ ಕಳಿಸುತ್ತಿದ್ದ. ಡ್ರೈವರ್‌ಗಳು ಅವನನ್ನು ಹುಡುಗಿ ನೋಡೋಕೆ ಬಂದವನ ಹಾಗೆ ಆಡ್ತಾನೆ ಅಂತ ರೇಗಿಸುತ್ತಿದ್ದರು. ಹುಡುಗಿಗಾದ್ರೆ ಬಾಯಿ ಐತೆ, ಹೇಳ್ತಾಳೆ, ಇದಕ್ಕೆಲ್ಲೈತೆ ಅನ್ನುತ್ತಿದ್ದ.

ಪೆಲೆಟ್ ಇಡೋದಕ್ಕೆ ಸಾಹುಕಾರರು ಬಾಯ್ಲರ್ ಮನೆಯ ಪಕ್ಕದಲ್ಲಿ ಹೊಸದಾಗಿ ಗುಂಡಿ ತೋಡಿಸಿ ಸಿಮೆಂಟ್ ಕಟ್ಟಿಸಿದ್ದರು. ಲಾರಿಯಿಂದ ನೇರ ಒಳಗೆ ಸುರಿಯೋದು, ತಳದಲ್ಲಿ ಸ್ಕ್ರೂ ಇತ್ತು, ಅದು ತಾನಾಗಿ ಎಳೆದು ಒಲೆಗೆ ಕೊಡೋದು. ಮೇಲೆ ಕಬ್ಬಿಣದ ಮುಚ್ಚಳ, ಪಕ್ಕದಲ್ಲಿ ಏಣಿ. ನೋಡಿದ ತಕ್ಷಣ ನಾರಾಯಣಣ್ಣ ಇದು ಹಗೇವು ಅಂದ. ಆವತ್ತಿಂದ ಎಲ್ಲರೂ ಅದನ್ನು ಹಗೇವು ಅಂತಲೇ ಕರೆದರು.

ನಮ್ಮ ಕಡೆ ಹಿಂದೆ ರಾಗಿಯನ್ನು ಭೂಮಿಯಲ್ಲಿ ಗುಂಡಿ ತೋಡಿ ಹುಗಿದಿಡುತ್ತಿದ್ದರು. ಅದೇ ಹಗೇವು. ನಾನು ಕಂಡಿಲ್ಲ, ಈಗ ಎಲ್ಲ ಮೂಟೆ. ನಾರಾಯಣಣ್ಣನ ಅಪ್ಪ ಸುತ್ತಮುತ್ತಲ ಊರಿನ ಹಗೇವು ತೆಗೆಯೋದಕ್ಕೆ ಹೋಗುತ್ತಿದ್ದವನಂತೆ. ಒಳಗೆ ಕೆಟ್ಟ ಗಾಳಿ ನಿಂತಿರುತ್ತದೆ. ಬೆಳಿಗ್ಗೆ ಮುಚ್ಚಳ ತೆಗೆದು ಬಿಡಬೇಕು, ಆಮೇಲೆ ಹಗ್ಗಕ್ಕೆ ದೀಪ ಕಟ್ಟಿ ಇಳಿಬಿಡಬೇಕು. ದೀಪ ಆರಿದರೆ ಯಾರೂ ಇಳಿಯಬಾರದು. ನಾರಾಯಣಣ್ಣನ ದೊಡ್ಡಪ್ಪ ಒಬ್ಬ ಅವಸರದಲ್ಲಿ ದೀಪ ಬಿಡದೆ ಇಳಿದು ಒಳಗೇ ಸತ್ತಿದ್ದ. ಅವನ ಹೆಸರು ಹೇಳುವಾಗ ಊರಿನವರು ಇವತ್ತಿಗೂ ನಗುತ್ತಾರಂತೆ. ಸತ್ತು ಎಷ್ಟೋ ಕಾಲವಾಗಿದೆ, ಆದರೂ ಅವನು ಅವಸರದವನು, ಬುದ್ಧಿ ಇಲ್ಲದವನು. ಅದಕ್ಕೇ ಆ ಮನೆಯಲ್ಲಿ ದೀಪ ಅಂದರೆ ದೇವರಿಗಿಂತ ಜಾಸ್ತಿ.

ನಾರಾಯಣಣ್ಣ ಫ್ಯಾಕ್ಟರಿಯ ಹಗೇವಿಗೂ ದೀಪ ಬಿಡಬೇಕು ಅಂದ. ಹಾರ್ಲಿಕ್ಸ್ ಬಾಟಲಿಗೆ ಡೀಸೆಲ್ ಹಾಕಿ ಬತ್ತಿ ಇಟ್ಟು ಬುಡ್ಡಿ ಮಾಡಿಕೊಂಡಿದ್ದ. ಅನ್ವರ್ ಭಾಯಿಗೆ ಕೋಪ ಬಂತು. ಪೆಲೆಟ್ ದೂಳು ಗಾಳಿಯಲ್ಲಿ ಎದ್ದಿರುವಾಗ ಬೆಂಕಿ ತೋರಿಸಿದರೆ ಢಮ್ ಅಂತ ಹೊತ್ತಿಕೊಳ್ಳುತ್ತದೆ ಅಂತ ಅವರ ಭಯ. ಇಡೀ ತಿಂಗಳು ಇಬ್ಬರಿಗೂ ಇದೇ ಜಗಳ.

“ಏನಪ್ಪಾ ನಾರಾಯಣ, ನೀನು ನನ್ ಬಾಯ್ಲರ್ ಹಾರಿಸ್ತೀಯ?”

“ನಿನ್ ಬಾಯ್ಲರ್ ಹಾರಿದ್ರೆ ಇನ್ನೊಂದು ತರ್ತಾರೆ ಸಾಹೇಬ್ರೇ. ನಾನ್ ಹೋದ್ರೆ ನಮ್ ನಾಗಮ್ಮನಿಗೆ ಇನ್ನೊಬ್ಬನ್ನ ಯಾರ್ ತಂದ್ಕೊಡ್ತಾರೆ?”

“ಅಚ್ಛಾ, ನಾಗಮ್ಮನ್ನೇ ಕೇಳಣ ನಡಿ. ಬೇಡ ಅಂತಾಳೇನೋ.”

ಕೊನೆಗೆ ಇಬ್ಬರೂ ಒಂದು ತೀರ್ಮಾನಕ್ಕೆ ಬಂದರು. ದೂಳು ಕೂರುವವರೆಗೆ ಕಾದು ಆಮೇಲೆ ದೀಪ ಬಿಡೋದು. ಮನುಷ್ಯ ಇಳಿಯುವ ಮುಂಚೆ ದೀಪ ಮೇಲೆ ಬರಬೇಕು, ಸ್ಕ್ರೂನ ಫ್ಯೂಸ್ ಕಿತ್ತು ಅನ್ವರ್ ಭಾಯಿ ಜೇಬಿನಲ್ಲಿ ಇಟ್ಟುಕೊಳ್ಳಬೇಕು. ಇಬ್ಬರೂ ಗೊತ್ತಿದ್ದವರೇ. ಗೊತ್ತಿದ್ದದ್ದನ್ನೆಲ್ಲ ಮಾಡಿದರು. ಇದನ್ನು ನೆನಪಿಟ್ಟುಕೊಳ್ಳಿ.

ಮಳೆ ಬೇಗ ಹಿಡಿಯಿತು. ಪೆಲೆಟ್‌ಗೆ ನೀರಿನ ಹನಿ ತಾಕಿದರೆ ಉಬ್ಬಿ ಮತ್ತೆ ಪುಡಿಯಾಗಿಬಿಡುತ್ತದೆ. ಮುಚ್ಚಳದ ಸಂದಿಯಿಂದ ನೀರು ಇಳಿಯೋದಕ್ಕೆ ಶುರುವಾಯಿತು, ಚಿಮಣಿಯಲ್ಲಿ ಬಿಳಿ ಹೊಗೆ ಬಂತು, ಹಬೆ ಬೀಳುತ್ತಿದೆ ಅಂತ ಪಲ್ಪ್ ಕಡೆಯವರು ಬೈದರು. ಆಗ ನಾರಾಯಣಣ್ಣ ಹಗೇವಿಗೆ ಮಾಡುವ ಹಾಗೇ ಮಾಡಿದ. ಜೇಡಿಮಣ್ಣು, ಸಗಣಿ, ರಾಗಿ ಹೊಟ್ಟು ಕಲಸಿ ಮುಚ್ಚಳದ ಸುತ್ತ ಮೆತ್ತಿದ. ಮೇಲೆ ಟಾರ್ಪಾಲು, ಅಂಚಿಗೆ ಮತ್ತೆ ಮಣ್ಣು. ಒಂದು ಇರುವೆ ಹೋಗದ ಹಾಗೆ. ಒಳಗೆ ಪೆಲೆಟ್ ಬೆಣಚು ಕಲ್ಲಿನ ಹಾಗೆ ಒಣಗಿಕೊಂಡಿತು. ಚಿಮಣಿಯಲ್ಲಿ ಹೊಗೆಯೇ ಇಲ್ಲ. ಹಬೆಯ ಒತ್ತಡ ತೋರಿಸುವ ಮುಳ್ಳು ಇದ್ದಲ್ಲೇ ನಿಂತಿತು. ಸಾಹುಕಾರರು ಬಂದು ನೋಡಿ ನಾರಾಯಣಣ್ಣನ ಬೆನ್ನು ತಟ್ಟಿದರು. ಅನ್ವರ್ ಭಾಯಿ ಕೂಡ ಒಪ್ಪಿಕೊಂಡರು. ಆವತ್ತು ಇಬ್ಬರೂ ಒಂದೇ ಟೀ ಅರ್ಧ ಅರ್ಧ ಕುಡಿದರು.

ಆಮೇಲೆ ಮಳೆ ಜೋರಾಗಿ ತೋಪುಗಳಲ್ಲಿ ಕೊಯ್ಲು ನಿಂತಿತು. ಫ್ಯಾಕ್ಟರಿಗೆ ಹಣ್ಣು ಬರಲಿಲ್ಲ. ಬಾಯ್ಲರ್ ಆರಿಸಿದೆವು. ಆರಿಸುವ ದಿನವೇ ಮಾಲೂರಿನಿಂದ ಒಂದು ಲಾರಿ ಬಂದಿತ್ತು. ಪೆಲೆಟ್ ಆಗತಾನೆ ಮಾಡಿದ್ದು, ಇನ್ನೂ ಬಿಸಿ ಇತ್ತು. ನಾರಾಯಣಣ್ಣ ಮುರಿದು ನೋಡಿ ಖುಷಿಪಟ್ಟ. ಹಗೇವು ಅರ್ಧಕ್ಕೂ ಮೇಲೆ ತುಂಬಿಸಿ ಮಣ್ಣು ಮೆತ್ತಿ ಊರಿಗೆ ಹೋದ. ನಾನು ಕ್ಯಾಲನೂರಿಗೆ ಬಂದು ಮಲಗಿ ಮಲಗಿ ಎದ್ದೆ.

ಮಳೆ ಬಿಟ್ಟ ಮೇಲೆ ತೋತಾಪುರಿ ಲಾರಿಗಳು ಒಟ್ಟಿಗೆ ಬಂದವು. ಗೇಟಿನಿಂದ ರಸ್ತೆವರೆಗೆ ಸಾಲು. ಸೂಪರ್‌ವೈಸರ್ ಹಬೆ ಎಲ್ಲಿ, ಹಬೆ ಎಲ್ಲಿ ಅಂತ ತಲೆ ತಿಂದ. ಬಾಯ್ಲರ್ ಹಚ್ಚಿದೆವು. ಸ್ಕ್ರೂ ಸ್ವಲ್ಪ ಹೊತ್ತು ಪೆಲೆಟ್ ಕೊಟ್ಟಿತು, ಆಮೇಲೆ ಖಾಲಿ ತಿರುಗಿತು. ಮೇಲೆ ರಾಶಿ ಇದೆ, ಕೆಳಗೆ ಬೀಳುತ್ತಿಲ್ಲ. ಒಂದಕ್ಕೊಂದು ಕಚ್ಚಿಕೊಂಡು ಕಮಾನು ಕಟ್ಟಿತ್ತು. ಅನ್ವರ್ ಭಾಯಿ ಬೆಂಕಿ ಆರಿಸಿ, ಫ್ಯೂಸ್ ಕಿತ್ತು ಜೇಬಿಗೆ ಹಾಕಿಕೊಂಡರು. ಮಣ್ಣು ಕೆತ್ತಿ ಮುಚ್ಚಳ ತೆಗೆದು ಮೇಲಿನಿಂದ ಬಿದಿರು ಗಳದಲ್ಲಿ ತಿವಿದು ನೋಡಿದೆವು, ಆಗಲಿಲ್ಲ. ಇಳಿಯಲೇಬೇಕಿತ್ತು.

ಕೆಟ್ಟ ಗಾಳಿ ಹೋಗಲಿ ಅಂತ ಮುಚ್ಚಳ ತೆರೆದೇ ಬಿಟ್ಟೆವು. ಹೋಗಿ ತಿಂಡಿ ತಿಂದು ಬಂದೆವು. ಸೂಪರ್‌ವೈಸರ್ ಅವಸರ ಮಾಡಿದ, ನಾರಾಯಣಣ್ಣ ಕೇಳಲಿಲ್ಲ. ಬುಡ್ಡಿ ಹಚ್ಚಿ ಹಗ್ಗಕ್ಕೆ ಕಟ್ಟಿ ನನ್ನ ಕೈಗೆ ಕೊಟ್ಟ. ನಾನೇ ಬಿಟ್ಟೆ. ಇಬ್ಬರೂ ಬಗ್ಗಿ ನೋಡಿದೆವು. ದೀಪ ಆರಲಿಲ್ಲ, ಅಲ್ಲಾಡಲಿಲ್ಲ, ಸಣ್ಣಗಾಗಲಿಲ್ಲ. ನೆಟ್ಟಗೆ ಉರಿಯಿತು. ರಾಶಿಯ ಹತ್ತಿರದವರೆಗೆ ಇಳಿಸಿ ಬಹಳ ಹೊತ್ತು ಬಿಟ್ಟೆ. ಅನ್ವರ್ ಭಾಯಿಯೂ ಬಂದು ನೋಡಿ, ಸರಿ ಅನ್ನುವ ಹಾಗೆ ತಲೆ ಆಡಿಸಿದರು. ದೀಪ ಮೇಲೆ ಎಳೆದೆ. ದೀಪ ನೆಟ್ಟಗೆ ಉರಿದರೆ ಸೊಂಟಕ್ಕೆ ಹಗ್ಗ ಬೇಡ ಅನ್ನೋದು ನಾರಾಯಣಣ್ಣನ ಅಪ್ಪನ ಕಾಲದ ಲೆಕ್ಕ. ನಾರಾಯಣಣ್ಣ ಹಾರೆ ತೆಗೆದುಕೊಂಡು ಇಳಿದ.

ಹಾರೆ ಹಾಕಿದ ಸದ್ದು ಕೇಳಿತು. ರಾಶಿ ದಬದಬ ಅಂತ ಕುಸಿಯಿತು. ಬಿತ್ತು ಅಂತ ಕೂಗಿದ. ಸ್ವಲ್ಪ ಹೊತ್ತಿನ ಮೇಲೆ ಹೇಳಿದ,

“ಯಾಕೋ ತಲೆ ನೋಯ್ತದೆ ಕಣ್ಲಾ.”

ಮೇಲೆ ಬಾರಣ್ಣ ಅಂದೆ. ಬಂದೆ ಅಂದ. ಏಣಿಯ ಹತ್ತಿರ ಬಂದ, ಒಂದು ಮೆಟ್ಟಿಲಿಗೆ ಕಾಲಿಟ್ಟ, ಕಾಲು ಬರದವನ ಹಾಗೆ ವಾಪಸ್ ಪೆಲೆಟ್ ಮೇಲೆ ಕೂತ. ಆಮೇಲೆ ಪಕ್ಕಕ್ಕೆ ವಾಲಿದ.

ನಾನು ಏಣಿಗೆ ಕಾಲಿಟ್ಟೆ. ಅನ್ವರ್ ಭಾಯಿ ಹಿಂದಿನಿಂದ ಕತ್ತುಪಟ್ಟಿ ಹಿಡಿದು ಎಳೆದು ನೆಲಕ್ಕೆ ಬೀಳಿಸಿದರು. ಬಿಡಿ ಅಂತ ಅವರ ಕೈ ಕಚ್ಚಿದೆ. ಬಿಡಲಿಲ್ಲ.

“ಒಂದು ಹೆಣ ಸಾಕು. ನೀನೂ ಹೋಗ್ಬೇಡ.”

ಹೆಣ ಅಂದರು. ಅವನಿನ್ನೂ ಉಸಿರಾಡುತ್ತಿದ್ದ, ಎದೆ ಏಳುತ್ತಿದ್ದದ್ದು ನನಗೆ ಕಾಣುತ್ತಿತ್ತು. ಅವರು ಹಮಾಲಿಗಳನ್ನು ಓಡಿಸಿ ಪಲ್ಪ್ ಕಡೆಯಿಂದ ದೊಡ್ಡ ಫ್ಯಾನ್ ತರಿಸಿದರು, ಗುಂಡಿಯ ಬಾಯಿಗೆ ಇಟ್ಟು ಗಾಳಿ ಹೊಡೆಸಿದರು, ತಮ್ಮ ಸೊಂಟಕ್ಕೆ ಹಗ್ಗ ಕಟ್ಟಿಸಿಕೊಂಡು, ಇನ್ನೊಂದು ಹಗ್ಗ ಹಿಡಿದು ಆಮೇಲೆ ಇಳಿದರು. ಫ್ಯಾನ್ ತರೋದಕ್ಕೆ ಎಷ್ಟು ಹೊತ್ತಾಯಿತೋ ನನಗೆ ಗೊತ್ತಿಲ್ಲ. ಗೊತ್ತು ಮಾಡಿಕೊಳ್ಳೋದಕ್ಕೂ ಇಷ್ಟವಿಲ್ಲ.

ಶ್ರೀನಿವಾಸಪುರದಲ್ಲಿ ನೋಡಿ ಕೋಲಾರಕ್ಕೆ ಕಳಿಸಿದರು. ಕೋಲಾರದಲ್ಲಿ ಇಳಿಸುವಾಗಲೇ ಹೋಗಿದ್ದ. ಅನ್ವರ್ ಭಾಯಿಗೆ ಮೂಗಿಗೆ ಗಾಳಿ ಹಾಕಿ ಮಲಗಿಸಿಕೊಂಡರು. ಅಲ್ಲಿ ಡಾಕ್ಟರಮ್ಮ ಒಬ್ಬರು ನನ್ನನ್ನು ಕರೆದು ಏನು ಇತ್ತು ಗುಂಡಿಯಲ್ಲಿ ಅಂತ ಕೇಳಿದರು. ಹೇಳಿದೆ. ಅವರು ಯಾರಿಗೋ ಫೋನ್ ಮಾಡಿ ಮಾತಾಡಿ ಬಂದು ಬಿಡಿಸಿ ಹೇಳಿದರು. ಮುಚ್ಚಿದ ರೂಮಿನಲ್ಲಿ ಇದ್ದಿಲು ಕೆಂಡ ಇಟ್ಟುಕೊಂಡು ಮಲಗಿದವರು ಸಾಯುತ್ತಾರಲ್ಲ, ಅದೇ ಗಾಳಿ. ಹೊಸ ಪೆಲೆಟ್ ಮುಚ್ಚಿಟ್ಟರೆ, ಬೆಂಕಿ ಇಲ್ಲದೆಯೇ ತಾನಾಗಿ ಅದನ್ನು ಬಿಡುತ್ತದೆ. ಬಿಸಿ ಇದ್ದರೆ ಇನ್ನೂ ಜಾಸ್ತಿ. ಬಣ್ಣ ಇಲ್ಲ, ವಾಸನೆ ಇಲ್ಲ. ರಾಶಿ ಕುಸಿದಾಗ ಕೆಳಗೆ ನಿಂತಿದ್ದೆಲ್ಲ ಒಟ್ಟಿಗೆ ಎದ್ದಿರಬೇಕು.

ದೀಪ ಆರಲಿಲ್ಲವಲ್ಲ ಮೇಡಂ ಅಂದೆ. ಇದಕ್ಕೆ ದೀಪ ಆರೋದಿಲ್ಲ ಅಂದರು. ರಾಗಿ ಹಗೇವಿನಲ್ಲಿ ಉಸಿರಿಗೆ ಬೇಕಾದ ಗಾಳಿಯೇ ಇರೋದಿಲ್ಲ, ಅದಕ್ಕೆ ದೀಪವೂ ಆರುತ್ತದೆ, ಮನುಷ್ಯನೂ ಸಾಯುತ್ತಾನೆ. ಇಲ್ಲಿ ದೀಪಕ್ಕೆ ಬೇಕಾದಷ್ಟು ಗಾಳಿ ಇತ್ತು. ಅದರ ಜೊತೆಗೆ ವಿಷವೂ ಇತ್ತು. ಮುಖ ಕೆಂಪಗಿದ್ದದ್ದಕ್ಕೂ ಅದೇ ಕಾರಣವಂತೆ.

ಪೆಲೆಟ್ ಮಾರಿದವರು ಇದನ್ನು ಹೇಳಿರಲಿಲ್ಲ. ಗುಂಡಿ ಕಟ್ಟಿದವರೂ ಹೇಳಿರಲಿಲ್ಲ. ಅವರಿಗೆ ಗೊತ್ತಿತ್ತೋ ಇಲ್ಲವೋ.

ಫ್ಯಾಕ್ಟರಿಯಲ್ಲಿ ಬೇರೆ ಕಥೆ ಹುಟ್ಟಿತು. ನಾರಾಯಣ ಕುಡಿದಿದ್ದ, ಮುಖ ನೋಡಲಿಲ್ಲವಾ, ತೂರಾಡಿಕೊಂಡು ಬಿದ್ದ ಅಂತ ಸೂಪರ್‌ವೈಸರ್ ಹೇಳಿಕೊಂಡು ತಿರುಗಿದ. ಯಲ್ದೂರಿನಲ್ಲಿ ಇನ್ನೊಂದು. ಅವನೂ ದೊಡ್ಡಪ್ಪನ ಹಾಗೇ ದೀಪ ಬಿಡದೆ ಇಳಿದ, ವಂಶದ ಬುದ್ಧಿ ಎಲ್ಲಿ ಹೋಗುತ್ತೆ ಅಂದರು. ಸಾಬಿ ಮೇಲೆ ನಿಂತು ನೋಡಿದ ಅಂತಲೂ ಅಂದರು. ಈ ಕೊನೆಯ ಮಾತು ನನಗೂ ಸ್ವಲ್ಪ ದಿನ ಒಳಗೊಳಗೇ ಸರಿ ಅನಿಸಿತ್ತು. ಅನ್ವರ್ ಭಾಯಿಯನ್ನು ನೋಡೋದಕ್ಕೆ ನಾನು ಮತ್ತೆ ಆಸ್ಪತ್ರೆಗೆ ಹೋಗಲಿಲ್ಲ. ಆಮೇಲೆ ಮುಳಬಾಗಿಲಿಗೆ ಹೋದೆ. ಮನೆಯಲ್ಲಿ ಕೂತಿದ್ದರು. ಒಂದೇ ಮಾತನ್ನು ಎರಡು ಸಲ ಕೇಳುತ್ತಿದ್ದರು, ಹೇಳಿದ್ದು ತಲೆಯಲ್ಲಿ ನಿಲ್ಲುತ್ತಿರಲಿಲ್ಲ. ನನ್ನನ್ನು ಬೈಯಲಿಲ್ಲ. ಬೈಯದಿದ್ದದ್ದೇ ನನಗೆ ತಡೆಯಲಾಗಲಿಲ್ಲ. ಅವರು ಮತ್ತೆ ಬಾಯ್ಲರ್ ಮುಂದೆ ನಿಲ್ಲಲಿಲ್ಲ.

ಅಲ್ಲಿಂದ ನೇರ ಯಲ್ದೂರಿಗೆ ಬಸ್ ಹತ್ತಿದೆ. ನಾರಾಯಣಣ್ಣನ ಹೆಂಡತಿ ನಾಗಮ್ಮಕ್ಕನಿಗೆ ನಿಜ ಹೇಳಬೇಕು ಅಂತ. ಅವನು ಕುಡಿದಿರಲಿಲ್ಲ, ಅವಸರ ಮಾಡಲಿಲ್ಲ, ಅವನ ತಪ್ಪು ಒಂದೂ ಇಲ್ಲ. ಇಷ್ಟು ಹೇಳಿದರೆ ಆಕೆಗೆ ಸಮಾಧಾನ ಆಗುತ್ತದೆ ಅಂದುಕೊಂಡಿದ್ದೆ. ದಾರಿಯುದ್ದಕ್ಕೂ ಹೇಗೆ ಹೇಳಬೇಕು ಅಂತ ಯೋಚಿಸಿಕೊಂಡು ಹೋದೆ.

ಆಕೆ ಹಸುವಿನ ಮುಂದೆ ಹುಲ್ಲು ಹಾಕುತ್ತಿದ್ದರು. ನನ್ನನ್ನು ನೋಡಿ ಜಗಲಿ ತೋರಿಸಿದರು. ನಾರಾಯಣಣ್ಣನ ಅಣ್ಣ ಒಬ್ಬ ಅಲ್ಲೇ ಬೀಡಿ ಸೇದುತ್ತಾ ಕೂತಿದ್ದ. ಅಕ್ಕ ಕೈ ಒರೆಸಿಕೊಂಡು ಬಂದು ನಿಂತೇ ಕೇಳಿದರು,

“ದೀಪ ಬಿಟ್ಟಿದ್ನಾ ಇಲ್ವಾ? ಅಷ್ಟು ಹೇಳು ಸಾಕು.”

“ಬಿಟ್ಟಿದ್ದ ಅಕ್ಕ. ಹಗ್ಗ ನನ್ ಕೈಲೇ ಇತ್ತು. ಸುಮಾರ್ ಹೊತ್ತು ಬಿಟ್ಟಿದ್ವಿ. ಆರ್ಲಿಲ್ಲ.”

ಡಾಕ್ಟರಮ್ಮ ಹೇಳಿದ್ದನ್ನೆಲ್ಲ ಹೇಳಿದೆ. ಸೂಪರ್‌ವೈಸರ್ ಹೇಳಿದ್ದು ಸುಳ್ಳು ಅಂದೆ. ಅನ್ವರ್ ಭಾಯಿ ಜೀವದ ಆಸೆ ಬಿಟ್ಟು ಇಳಿದದ್ದು, ಈಗ ಅವರ ತಲೆ ಹೇಗಾಗಿದೆ ಅನ್ನೋದನ್ನೂ ಹೇಳಿದೆ. ಅವನ ಅಣ್ಣ ಬೀಡಿ ಎಸೆದು ತಲೆ ಬಗ್ಗಿಸಿದ. ಅಕ್ಕ ಹೇಳಿದರು,

“ಮರ್ತಿದ್ದ ಅಂದಿದ್ರೆ ಚೆನ್ನಾಗಿತ್ತು ಕಣಪ್ಪ. ಹಿಂಗ್ ಮಾಡ್ಕೊಂಡ್ಯಲ್ಲ ಅಂತ ದಿನಾ ಬೈಕೊಂಡಾದ್ರೂ ಇರ್ತಿದ್ದೆ. ಎಲ್ಲಾ ಸರಿಯಾಗೇ ಮಾಡಿ ಸತ್ತ ಅಂದ್ರೆ ನಾನೀಗ ಯಾರನ್ನ ಬೈಲಿ?”

ಎದ್ದು ಬಂದೆ.